ಗಾಯ ಮಾಯ್ದರೂ ಕಲೆ ಏಕೆ ಬೆಳೆಯುತ್ತಿದೆ?

ಪ್ರಶ್ನೆ: ಎದೆಯ ಮೇಲಿದ್ದ ಸಣ್ಣ ಗಂಟನ್ನು ತೆಗೆಸಿ ವರ್ಷವಾಯಿತು. ಕಲೆ ಕೆಂಪಗೆ ಉಬ್ಬಿ, ಹೊಲಿಗೆಯ ಗೆರೆ ದಾಟಿ ಹರಡುತ್ತಿದೆ, ತುರಿಕೆಯೂ ಇದೆ. ಪ್ರಾಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಇಂಥ ಬೆಳವಣಿಗೆಯನ್ನು ತಡೆಯುತ್ತದೆಂದು ಓದಿದೆ. ತಲೆನೋವಿಗೆ ನಾನು ನುಂಗುವ ಮಾತ್ರೆ ಅದನ್ನೇ ತಗ್ಗಿಸುತ್ತದಂತೆ. ಕಲೆ ಬೆಳೆಯಲು ಮಾತ್ರೆಯೇ ಕಾರಣವೇ?

ಉತ್ತರ: ನೀವು ಓದಿದ್ದು ಸುಳ್ಳಲ್ಲ. ಆದರೆ ಅದರಿಂದ ಮಾತ್ರೆಯ ಮೇಲೆ ತಪ್ಪು ಹೊರಿಸಲಾಗದು.

ಪ್ರಾಸ್ಟಗ್ಲಾಂಡಿನ್ ಹಾರ್ಮೋನಿನಂತೆ ಕೆಲಸ ಮಾಡುತ್ತದೆ, ಆದರೆ ಗ್ರಂಥಿಯಿಂದ ಹೊರಟು ರಕ್ತದಲ್ಲಿ ದೂರ ಸಾಗುವುದಿಲ್ಲ. ಜೀವಕೋಶದ ಪೊರೆಯ ಕೊಬ್ಬಿನಾಮ್ಲದಿಂದ ಬೇಕಾದಲ್ಲೇ ತಯಾರಾಗಿ, ಅಕ್ಕಪಕ್ಕದ ಕೋಶಗಳಿಗೆ ಸುದ್ದಿ ಮುಟ್ಟಿಸಿ, ಬೇಗನೆ ನಾಶವಾಗುತ್ತದೆ. ನೋವಿನ ಮಾತ್ರೆ ಆಸ್ಪಿರಿನ್ ಈ ತಯಾರಿಕೆಯನ್ನೇ ನಿಲ್ಲಿಸುತ್ತದೆಂದು ಬ್ರಿಟನ್ನಿನ ಔಷಧ ವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರ ನೊಬೆಲ್ ಬಹುಮಾನದಲ್ಲಿ ಅವರಿಗೂ ಪಾಲು ಸಿಕ್ಕಿತು.

ಕಲೆಯನ್ನು ಕಟ್ಟುವುದು ಫೈಬ್ರೋಬ್ಲಾಸ್ಟ್ ಎಂಬ ಕೋಶಗಳು. ಸಂಯೋಜಕ ಅಂಗಾಂಶದ ಕೊಲಾಜೆನ್ ನಾರನ್ನು ನೇಯುವವು ಇವೇ. ಪ್ರಾಸ್ಟಗ್ಲಾಂಡಿನ್‌ಗಳಲ್ಲಿ ಹಲವು ಬಗೆ; ಅವುಗಳಲ್ಲಿ ಇ2 ಎಂಬುದು ಇವುಗಳ ಒಳಗೆ ಸೈಕ್ಲಿಕ್ ಎಎಂಪಿ ಎಂಬ ಸಂಕೇತವನ್ನು ಏರಿಸುತ್ತದೆ. ಆಗ ಕೋಶವಿಭಜನೆ ನಿಧಾನವಾಗುತ್ತದೆ, ಕೊಲಾಜೆನ್ ತಯಾರಿಯೂ ಇಳಿಯುತ್ತದೆ. ಶ್ವಾಸಕೋಶ ನಾರುಗಟ್ಟುವ ಕಾಯಿಲೆಯಲ್ಲಿ ಅಲ್ಲಿನ ಫೈಬ್ರೋಬ್ಲಾಸ್ಟ್‌ಗಳು ಇ2 ಅನ್ನು ಸಾಕಷ್ಟು ತಯಾರಿಸುವುದಿಲ್ಲ ಎಂಬುದೂ ಗೊತ್ತಿದೆ. ಆದರೆ ಅದೇ ಮನೆತನದ ಎಫ್2 ಆಲ್ಫಾ ಅನೇಕ ಸಂದರ್ಭಗಳಲ್ಲಿ ಇದೇ ಕೋಶಗಳನ್ನು ಬೆಳೆಯಲು ಪ್ರಚೋದಿಸುತ್ತದೆ. ನೋವಿನ ಮಾತ್ರೆ ಇವೆರಡರ ತಯಾರಿಕೆಯನ್ನೂ ತಗ್ಗಿಸುತ್ತದೆ.

ಇನ್ನೊಂದು ವಿಷಯ ನಿಮ್ಮ ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ. ಉಬ್ಬಿದ ಕಲೆಗೆ ನಾವು ಚುಚ್ಚುವ ಟ್ರಯಾಮ್ಸಿನೊಲೋನ್ ಒಂದು ಸ್ಟೀರಾಯ್ಡ್. ಸ್ಟೀರಾಯ್ಡ್‌ಗಳೂ ಪ್ರಾಸ್ಟಗ್ಲಾಂಡಿನ್ ಅನ್ನು ತಗ್ಗಿಸುತ್ತವೆ. ಆದರೂ ಕಲೆ ಕುಗ್ಗುತ್ತದೆ! ಏಕೆಂದರೆ ಸ್ಟೀರಾಯ್ಡ್ ಉರಿಯೂತವನ್ನು ಇಳಿಸುವುದರ ಜೊತೆಗೆ ಫೈಬ್ರೋಬ್ಲಾಸ್ಟ್‌ಗಳನ್ನೂ ತಡೆಯುತ್ತದೆ. ಟಿಜಿಎಫ್ ಬೀಟಾದಂಥ ಪ್ರೋಟೀನುಗಳು ಕೊಲಾಜೆನ್ ಹೆಚ್ಚಿಸಲು ಒತ್ತಾಯಿಸುತ್ತಲೇ ಇರುವ ಕಡೆ, ಒಂದೇ ರಾಸಾಯನಿಕವನ್ನು ಹಿಡಿದು ಜಗ್ಗಿದರೆ ಉತ್ತರ ಸಿಗುವುದಿಲ್ಲ.

ನಿಮ್ಮ ವಿವರಣೆ ಕೀಲಾಯ್ಡ್‌ಗೆ ಹೊಂದುತ್ತದೆ. ಗಾಯದ ಗಡಿಯೊಳಗೇ ಉಬ್ಬಿ ನಿಲ್ಲುವ ಕಲೆ ಬೇರೆ, ಗಡಿ ದಾಟುವ ಇದು ಬೇರೆ. ಎದೆ, ಭುಜ, ಕಿವಿಯ ಹಾಲೆ ಇದಕ್ಕೆ ಪ್ರಿಯವಾದ ಜಾಗಗಳು. ಬರಿದೇ ಕತ್ತರಿಸಿ ತೆಗೆಸಬೇಡಿ. ಹಾಗೆ ತೆಗೆದದ್ದು ಬಹಳಷ್ಟು ಸಲ ಮತ್ತೆ ಬೆಳೆಯುತ್ತದೆ, ಕೆಲವೊಮ್ಮೆ ಮೊದಲಿಗಿಂತ ದೊಡ್ಡದಾಗಿ. ಚರ್ಮವೈದ್ಯರನ್ನು ಕಂಡು ಚುಚ್ಚುಮದ್ದು, ಸಿಲಿಕೋನ್ ಪಟ್ಟಿ ಇವುಗಳ ಬಗ್ಗೆ ಕೇಳಿ. ನೋವಿನ ಮಾತ್ರೆ ಪದೇ ಪದೇ ಬೇಕಾಗುತ್ತಿದ್ದರೆ ಅದನ್ನೂ ಹೇಳಿ. ಕಲೆಗಲ್ಲ, ಹೊಟ್ಟೆ ಮತ್ತು ಮೂತ್ರಪಿಂಡಕ್ಕಾಗಿ.