ಪಿಕಪ್‌ಗೆ ಯಾವ ಡೀಸೆಲ್ ಫಿಲ್ಟರ್, ಯಾವ ಪಂಪ್? ಮೊದಲು ಕೆಳಗಿನ ನೀರು ಬಿಟ್ಟು ನೋಡಿ

ನಿಮ್ಮದು ಕಾರಟಗಿಯಲ್ಲಿ ಅಕ್ಕಿ ಚೀಲ ಸಾಗಿಸುವ ಬಿಎಸ್-4 (ಹೊಗೆ ನಿಯಮದ ನಾಲ್ಕನೇ ಹಂತ) ಪಿಕಪ್ ಗಾಡಿ. ಲೋಡ್ ಹಾಕಿದರೆ ಎಳೆಯುತ್ತಿಲ್ಲ. 400 ರೂಪಾಯಿಯ ಫಿಲ್ಟರ್ ಹಾಕಲಾ, 1,200ರದ್ದು ಹಾಕಲಾ, ಜೊತೆಗೆ ಒಂದು ಎಲೆಕ್ಟ್ರಿಕ್ ಪಂಪ್ ಕೂಡಿಸಲಾ. ಇಷ್ಟೇ ಅಲ್ವಾ ನೀವು ಕೇಳಿದ್ದು? ಇದನ್ನು ಓದುತ್ತಿದ್ದಂತೆ ನನಗೆ ಪೋತ್ನಾಳದ ಹತ್ತಿರ ರಸ್ತೆ ಬದಿಯಲ್ಲಿ ಕಳೆದ ಒಂದು ರಾತ್ರಿ ನೆನಪಾಯಿತು.

ನಮ್ಮದು ಸಿಂಧನೂರು ಕಡೆಯ ಹಳ್ಳಿ. ನನ್ನದೂ ಬಿಎಸ್-4 ಗಾಡಿಯೇ, 2018ರದ್ದು. ಭತ್ತ, ಗೊಬ್ಬರ, ಸೀಸನ್ ಬಂದರೆ ರಾಯಚೂರಿನ ಗಂಜ್ ಮಾರುಕಟ್ಟೆಗೆ ಹತ್ತಿ. 2021ರ ಅಕ್ಟೋಬರ್‌ನಲ್ಲಿ ಫಿಲ್ಟರ್ ಬದಲಿಸುವ ಸಮಯ ಬಂತು. ನನ್ನ ಗಾಡಿಗೆ ಕಂಪನಿ ಹೇಳಿದ ಫಿಲ್ಟರ್ ಆ ದಿನ ಅಂಗಡಿಯಲ್ಲಿ ಇರಲಿಲ್ಲ. ಎರಡು ದಿನ ಬಿಟ್ಟು ಬನ್ನಿ ಎಂದರು. ಮರುದಿನ ಬೆಳಿಗ್ಗೆ ಗೊಬ್ಬರದ ಬಾಡಿಗೆ ಒಪ್ಪಿಕೊಂಡಿದ್ದೆ. ಕಾಯಲು ಮನಸ್ಸಾಗಲಿಲ್ಲ. ಅದೇ ಅಳತೆಯ ಬೇರೆ ಫಿಲ್ಟರ್ ಕೊಟ್ಟರು. ಥ್ರೆಡ್ ಸರಿಯಾಗಿ ಕೂತಿತು, ಎಲ್ಲೂ ಸೋರಲಿಲ್ಲ, ಗಾಡಿ ಸ್ಟಾರ್ಟ್ ಆಯಿತು. 650 ರೂಪಾಯಿ ಉಳಿಯಿತು.

ಆದರೆ ಆ ಫಿಲ್ಟರಿನ ತಳದಲ್ಲಿ ಸೆನ್ಸರ್ ಕೂರಿಸುವ ತೂತೇ ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಾನು ಹಾಳಾಗಿದ್ದು ಇಲ್ಲೇ. ಡೀಸೆಲ್‌ಗಿಂತ ನೀರು ಭಾರ. ಡೀಸೆಲ್ ಜೊತೆ ಬಂದ ನೀರು ಫಿಲ್ಟರಿನ ತಳಕ್ಕೆ ಇಳಿದು ಕೂರುತ್ತದೆ. ಆ ತಳದಲ್ಲಿ ಒಂದು ಸೆನ್ಸರ್ ಇರುತ್ತದೆ, ಅದಕ್ಕೆ ಎರಡು ಸಣ್ಣ ಕಡ್ಡಿ. ಡೀಸೆಲ್‌ನಲ್ಲಿ ಕರೆಂಟ್ ಹರಿಯುವುದಿಲ್ಲ, ನೀರಿನಲ್ಲಿ ಹರಿಯುತ್ತದೆ. ನೀರು ಏರಿ ಆ ಎರಡು ಕಡ್ಡಿಗೂ ತಾಗಿದ ಕೂಡಲೇ ಸ್ಟೇರಿಂಗ್ ಮುಂದೆ ಹಳದಿ ದೀಪ ಹತ್ತುತ್ತದೆ. ಆಗ ನಾವು ಕೆಳಗಿನ ಬೋಲ್ಟ್ ಸಡಿಲ ಮಾಡಿ ನೀರು ಬಿಟ್ಟರೆ ಆಯಿತು, ಐದು ನಿಮಿಷದ ಕೆಲಸ. ನೀರು ಬಂತೆಂದು ಎಚ್ಚರಿಸಿ, ಇಂಜಿನ್‌ಗೆ ಡೀಸೆಲ್ ನೂಕುವ ಪಂಪನ್ನು ಕಾಯುವುದು ಆ ಎರಡು ಕಡ್ಡಿ ಮಾತ್ರ. ನಮ್ಮ ಮಿಸ್ತ್ರಿ ಸೆನ್ಸರನ್ನು ಹಳೆ ಫಿಲ್ಟರಿನಿಂದ ಬಿಚ್ಚಿ ಕೈಯಲ್ಲಿ ಹಿಡಿದು, 'ಇದು ಇಲ್ಲಿ ಕೂರಲ್ಲ, ಪೈಪಿಗೆ ಕಟ್ಟಿಬಿಡ್ತೀನಿ, ಏನೂ ಆಗಲ್ಲ' ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಹೂಂ ಎಂದೆ. ಕಪ್ಪು ಟೇಪು ಸುತ್ತಿ ಕಟ್ಟಿದರು. ಅಲ್ಲಿಂದ ಮುಂದೆ ಆ ಸೆನ್ಸರ್ ಗಾಳಿಯಲ್ಲಿ ನೇತಾಡುತ್ತಿತ್ತು. ನೀರು ತಾಗುವುದೇ ಇಲ್ಲ ಎಂದ ಮೇಲೆ ದೀಪ ಹತ್ತುವುದು ಹೇಗೆ? ದೀಪ ಹತ್ತಿಲ್ಲ, ಹಾಗಾದರೆ ನೀರಿಲ್ಲ ಎಂದು ನಾನು ಎರಡು ತಿಂಗಳು ನೆಮ್ಮದಿಯಾಗಿ ಓಡಾಡಿದೆ.

ಮಿಸ್ತ್ರಿಯನ್ನು ನಾನು ದೂರುವುದಿಲ್ಲ. ಕೂರಲ್ಲ ಎಂದು ಅವರು ಬಾಯಿಬಿಟ್ಟು ಹೇಳಿದ್ದರು. ಹೂಂ ಎಂದವನು ನಾನು.

ಡಿಸೆಂಬರ್ ಬಂತು, ಭತ್ತದ ಕೊಯ್ಲು. ಕೊಯ್ಯುವ ಮಷೀನಿಗೆ ಡೀಸೆಲ್ ಬೇಕೆಂದು ಹೊಲದಲ್ಲಿ 200 ಲೀಟರಿನ ಬ್ಯಾರೆಲ್ ಇಡುತ್ತೇವೆ, ನಿಮ್ಮ ಕಡೆಯೂ ಇಡುತ್ತಾರೆ. ಹಿಂದಿನ ಬೆಳೆಗೆ ತಂದ ಬ್ಯಾರೆಲ್ ಒಂದು ಅರ್ಧ ಉಳಿದು ಮಳೆಗಾಲವಿಡೀ ಬಯಲಲ್ಲೇ ನಿಂತಿತ್ತು. ನೆಟ್ಟಗೆ ನಿಲ್ಲಿಸಿದ ಬ್ಯಾರೆಲಿನ ತಲೆ ಮೇಲೆ ಮಳೆನೀರು ನಿಲ್ಲುತ್ತದೆ. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುತ್ತದೆ, ರಾತ್ರಿ ತಣ್ಣಗಾದಾಗ ಕುಗ್ಗುತ್ತದೆ. ಕುಗ್ಗುವಾಗ ಮುಚ್ಚಳದ ಸಂದಿನಿಂದ ಆ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಮುಚ್ಚಳ ಬಿಗಿಯಾಗಿದೆ ಎಂದು ನಾವು ಅಂದುಕೊಂಡಿರುತ್ತೇವೆ. ಆ ಬ್ಯಾರೆಲಿನ ಡೀಸೆಲನ್ನು ಸುಮ್ನೆ ಯಾಕೆ ಹಾಳು ಮಾಡುವುದು ಎಂದು ನಾನು ನನ್ನ ಗಾಡಿಗೆ ಹಾಕಿಕೊಂಡೆ.

ಒಂದು ವಾರ ನಿಮ್ಮ ಗಾಡಿಯ ಹಾಗೆಯೇ. ಖಾಲಿ ಇದ್ದರೆ ಚೆನ್ನಾಗಿ ಓಡುತ್ತದೆ, ಲೋಡ್ ಬಿದ್ದರೆ ಎಳೆಯುವ ಬಲ ಇಲ್ಲ. ಆಮೇಲೆ ಬೆಳಿಗ್ಗೆ ಸ್ಟಾರ್ಟ್ ಆಗಲು ತಡ. ಕೊನೆಗೆ ರಾಯಚೂರಿಗೆ ಹತ್ತಿ ತುಂಬಿಕೊಂಡು ಹೊರಟ ರಾತ್ರಿ ಪೋತ್ನಾಳದ ಹತ್ತಿರ ಇಂಜಿನ್ ಬಡಿಯುವ ಸದ್ದು ಮಾಡಿ ನಿಂತೇಬಿಟ್ಟಿತು. ಟಾರ್ಚ್ ಹಿಡಿದು ಫಿಲ್ಟರ್ ಬಿಚ್ಚಿ ಬಾಟಲಿಗೆ ಸುರಿದೆ. ಅರ್ಧಕ್ಕಿಂತ ಜಾಸ್ತಿ ನೀರು, ಅದರಲ್ಲಿ ಕೆಂಪು ತುಕ್ಕು.

ಬೆಳಿಗ್ಗೆ ರಾಯಚೂರಿಗೆ ಎಳೆಸಿಕೊಂಡು ಹೋದೆ. ಪಂಪ್ ರಿಪೇರಿ ಮಾಡುವವರು ಡೀಸೆಲನ್ನು ಭಾರೀ ಒತ್ತಡದಲ್ಲಿ ನೂಕುವ ಹೈ ಪ್ರೆಶರ್ ಪಂಪ್ ಬಿಚ್ಚಿ ತೋರಿಸಿದರು. ಒಳಗೆ ಬೆಳ್ಳಿ ಪುಡಿ ಚೆಲ್ಲಿದ ಹಾಗೆ ಮಿಂಚುತ್ತಿತ್ತು, ಪಂಪು ತನ್ನನ್ನೇ ತೇಯ್ದುಕೊಂಡ ಪುಡಿ. ಈ ಪಂಪಿಗೆ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಅದರ ಎಣ್ಣೆ. ಡೀಸೆಲ್ ಜಾಗಕ್ಕೆ ನೀರು ಬಂದರೆ ಲೋಹಕ್ಕೆ ಲೋಹ ಉಜ್ಜುತ್ತದೆ. ನಮ್ಮ ಗಾಡಿಯ ಟೈರಿನಲ್ಲಿ ಗಾಳಿ ನಾಲ್ಕೈದು ಬಾರ್ ಇರುತ್ತದೆ. ಇಂಜಿನ್‌ಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಪೈಪು, ಅಂದರೆ ಕಾಮನ್ ರೇಲ್‌ನಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ, ಎಷ್ಟೋ ಇಂಜಿನ್‌ಗಳಲ್ಲಿ 1,600ರವರೆಗೆ. ಅಷ್ಟು ಒತ್ತಡದಲ್ಲಿ ಆ ಪುಡಿ ನೇರ ಇಂಜೆಕ್ಟರ್‌ಗೆ ನುಗ್ಗುತ್ತದೆ. ನಾಲ್ಕು ಇಂಜೆಕ್ಟರೂ ಹೋಗಿದ್ದವು. ಪಂಪ್, ಇಂಜೆಕ್ಟರ್, ರೇಲ್ ಮತ್ತು ಟ್ಯಾಂಕ್ ತೊಳೆದಿದ್ದು, ಕೂಲಿ, ಎಲ್ಲ ಸೇರಿ 96,000 ರೂಪಾಯಿ. ಕೊಯ್ಲಿನ ಸೀಸನ್‌ನಲ್ಲಿ ಹನ್ನೊಂದು ದಿನ ಗಾಡಿ ನಿಂತಿತ್ತು, ಆ ಬಾಡಿಗೆ ಬೇರೆ.

ಅಪ್ಪನ ಟ್ರ್ಯಾಕ್ಟರಿಗೆ ದೀಪವೂ ಇರಲಿಲ್ಲ, ಸೆನ್ಸರೂ ಇರಲಿಲ್ಲ. ವಾರಕ್ಕೊಮ್ಮೆ ಬೆಳಿಗ್ಗೆ ಫಿಲ್ಟರ್ ಕೆಳಗೆ ಲೋಟ ಹಿಡಿದು ಬೋಲ್ಟ್ ಬಿಚ್ಚಿ ನೀರು ಬಿಡುತ್ತಿದ್ದರು. ಹಳೆಯ ಪಂಪು, ಒಂದಿಷ್ಟು ಕಸ ನೀರು ತಡೆದುಕೊಳ್ಳುತ್ತಿತ್ತು. ಆದರೂ ಬಿಡುತ್ತಿದ್ದರು. ಒಂದು ಹನಿಯನ್ನೂ ತಡೆಯದ ಗಾಡಿ ಇಟ್ಟುಕೊಂಡು ನಾನು ಬಿಡಲಿಲ್ಲ.

ಈಗ ನಿಮ್ಮ ವಿಷಯ. ಎಲೆಕ್ಟ್ರಿಕ್ ಪಂಪ್ ಆಲೋಚನೆಯನ್ನು ಬಿಟ್ಟುಬಿಡಿ. ಡೀಸೆಲ್ ಮುಂದೆ ಹೋಗುತ್ತಿಲ್ಲ ಎಂದರೆ ಎಲ್ಲೋ ಕಟ್ಟಿದೆ ಅಥವಾ ಎಲ್ಲೋ ಗಾಳಿ ಎಳೆಯುತ್ತಿದೆ. ಹಿಂದಿನಿಂದ ಇನ್ನೊಂದು ಪಂಪ್ ಇಟ್ಟು ನೂಕಿದರೆ ಆ ದೋಷ ಕೆಲ ದಿನ ಮುಚ್ಚಿಹೋಗುತ್ತದೆ, ಅಷ್ಟರಲ್ಲಿ ಹೈ ಪ್ರೆಶರ್ ಪಂಪು ಸಾಯುತ್ತದೆ. ಫಿಲ್ಟರಿನಿಂದ ಪಂಪಿಗೆ ಹೋಗುವ ಪೈಪಿನ ಜಾಗದಲ್ಲಿ ಡೀಸೆಲ್‌ಗೆ ತಡೆಯುವ ಪಾರದರ್ಶಕ ಪೈಪ್ ಹಾಕಿಸಿ ಇಂಜಿನ್ ಓಡಿಸಿ ನೋಡಿ. ಗುಳ್ಳೆ ಕಂಡರೆ ಗಾಳಿ ಹಿಡಿಯುತ್ತಿದೆ, ಕ್ಲಿಪ್ಪು ಮತ್ತು ವಾಷರ್ ನೋಡಿಸಿ. ಗುಳ್ಳೆ ಇಲ್ಲದಿದ್ದರೆ ಇಂಜೆಕ್ಟರ್‌ಗಳಿಂದ ಉಳಿದ ಡೀಸೆಲ್ ವಾಪಸ್ ಬರುವ ರಿಟರ್ನ್ ಪೈಪಿಗೆ ನಾಲ್ಕು ಸಣ್ಣ ಬಾಟಲಿ ಕಟ್ಟಿ ನೋಡಲು ಹೇಳಿ. ಒಂದು ಬಾಟಲಿ ಮಾತ್ರ ಬೇಗ ತುಂಬಿದರೆ ಕೆಟ್ಟಿದ್ದು ಆ ಇಂಜೆಕ್ಟರ್, ಪಂಪ್ ಅಲ್ಲ.

ಫಿಲ್ಟರ್ ವಿಷಯದಲ್ಲಿ 400ಕ್ಕೂ 1,200ಕ್ಕೂ ಹೋಲಿಸುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಗಾಡಿಯ ಪುಸ್ತಕದಲ್ಲಿರುವ ಪಾರ್ಟ್ ನಂಬರ್ ಇದೆಯಾ, ತಳದಲ್ಲಿ ಸೆನ್ಸರ್ ಕೂರುತ್ತದೆಯಾ, ನೀರು ಬಿಡುವ ಬೋಲ್ಟ್ ಇದೆಯಾ, ಇಷ್ಟು ನೋಡಿ. ಮೂರರಲ್ಲಿ ಒಂದಿಲ್ಲದಿದ್ದರೂ ಸುಮ್ನೆ ಕೊಟ್ಟರೂ ಬೇಡ. ಒಳ್ಳೆ ಫಿಲ್ಟರಿನ ಪೇಪರ್ ನೀರನ್ನು ತಡೆದು ಕೆಳಕ್ಕೆ ಇಳಿಸುವ ಹಾಗೆ ಮಾಡಿರುತ್ತದೆ, ಕೂದಲಿಗಿಂತ ಹತ್ತು ಪಟ್ಟು ಸಣ್ಣ ಕಸವನ್ನೂ ಹಿಡಿಯುತ್ತದೆ. ನಕಲಿಯಲ್ಲಿ ಪೇಪರ್ ಮಡಿಕೆಗಳೂ ಕಡಿಮೆ, ಅಂಟೂ ಅರ್ಧಂಬರ್ಧ. ಡೀಸೆಲ್ ಪೇಪರ್ ದಾಟದೆ ಪಕ್ಕದಿಂದಲೇ ನುಸುಳುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯ, ಇದು ಮಿಸ್ತ್ರಿಗಳಿಗೂ ಅಭ್ಯಾಸ. ಹೊಸ ಫಿಲ್ಟರಿಗೆ ಡೀಸೆಲ್ ತುಂಬಿ ಹಾಕುತ್ತಾರೆ, ಬೇಗ ಸ್ಟಾರ್ಟ್ ಆಗಲಿ ಎಂದು. ನಡುವಿನ ತೂತಿಗೆ ಸುರಿದ ಡೀಸೆಲ್ ಸೋಸದೆ ನೇರ ಪಂಪಿಗೆ ಹೋಗುತ್ತದೆ. ಖಾಲಿ ಫಿಲ್ಟರನ್ನೇ ಹಾಕಿಸಿ, ಡೀಸೆಲ್ ಏರಿಸುವ ಕೈಪಂಪ್ ಒತ್ತಿ ಏರ್ ತೆಗೆಸಿ.

ಪಂಪೇ ಹೋಗಿದೆ ಎಂದು ಖಾತ್ರಿಯಾದರೆ ಹೊಸದು ಅಥವಾ ಟೆಸ್ಟ್ ಬೆಂಚಿನಲ್ಲಿ ಓಡಿಸಿ ರಿಪೋರ್ಟ್ ಕೊಡುವವರ ಹತ್ತಿರ ರಿಪೇರಿ. ರಸ್ತೆ ಬದಿ ಧೂಳಿನಲ್ಲಿ ಬಿಚ್ಚಲು ಬಿಡಬೇಡಿ. ಟ್ಯಾಂಕ್ ಇಳಿಸಿ ತೊಳೆಯದೆ, ಪೈಪು ರೇಲು ತೊಳೆಯದೆ ಹೊಸ ಪಂಪ್ ಕೂರಿಸಿದರೆ ಹಳೆಯ ಪುಡಿ ಹೊಸದನ್ನೂ ತಿನ್ನುತ್ತದೆ. ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದರಲ್ಲಿ ಜಿಡ್ಡು ಇನ್ನೂ ಕಡಿಮೆ, ಪಂಪ್ ಬೇಗ ತೇಯುತ್ತದೆ.

ನಾನು ಈಗ ಪುಸ್ತಕ ಹೇಳಿದ ಕಿಲೋಮೀಟರಿನ ಅರ್ಧಕ್ಕೇ ಫಿಲ್ಟರ್ ಬದಲಿಸುತ್ತೇನೆ. ಪ್ರತಿ ಭಾನುವಾರ ಬೆಳಿಗ್ಗೆ ನೀರು ಬಿಡುತ್ತೇನೆ. ಬ್ಯಾರೆಲ್ ಡೀಸೆಲ್ ನನ್ನ ಗಾಡಿಗೆ ಇಲ್ಲವೇ ಇಲ್ಲ.

ನೀವು ಅಂಗಡಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ನಾಳೆ ಬೆಳಿಗ್ಗೆ, ಇಂಜಿನ್ ಸ್ಟಾರ್ಟ್ ಮಾಡುವ ಮುಂಚೆ, ಫಿಲ್ಟರ್ ತಳದ ಬೋಲ್ಟ್ ಸಡಿಲ ಮಾಡಿ ಖಾಲಿ ನೀರಿನ ಬಾಟಲಿಗೆ ಒಂದು ಲೋಟದಷ್ಟು ಬಿಡಿ. ಅರ್ಧ ಗಂಟೆ ಅಲ್ಲಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ಕಾಣುತ್ತದಾ, ತುಕ್ಕು ಇದೆಯಾ, ಮಿಂಚುವ ಪುಡಿ ಇದೆಯಾ ನೋಡಿ. ಹಾಗೆಯೇ ಬಗ್ಗಿ ನಿಮ್ಮ ಸೆನ್ಸರ್ ಫಿಲ್ಟರಿನಲ್ಲಿದೆಯಾ, ಪೈಪಿಗೆ ಟೇಪು ಸುತ್ತಿದ್ದಾರಾ ಅಂತಲೂ ನೋಡಿ. ಎರಡರ ಫೋಟೊ ಇಲ್ಲಿ ಹಾಕಿ. ಅದನ್ನು ನೋಡಿ ಪಂಪ್ ಬಿಚ್ಚಿಸಬೇಕಾ ಬೇಡವಾ ಎಂದು ಹೇಳುತ್ತೇನೆ.