ಎಳನೀರು ತರುತ್ತಿದ್ದವರು ಈಗ ಬರುವುದಿಲ್ಲ

ಪ್ರಶ್ನೆ: ನನಗೆ 43 ವರ್ಷ. ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿ ಎರಡು ವರ್ಷವಾಯಿತು. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್ ಮಾಡಿಸಿಕೊಳ್ಳುತ್ತೇನೆ. ಮೊದಲ ಎರಡು ಮೂರು ತಿಂಗಳು ನಮ್ಮ ಸಭೆಯವರು ದಿನವೂ ಎಂಬಂತೆ ಮನೆಗೆ ಬಂದರು, ಎಳನೀರು ಬಾಳೆಹಣ್ಣು ತಂದರು, ಕಣ್ಣೀರಿಟ್ಟು ಪ್ರಾರ್ಥಿಸಿದರು. ಈಗ ಭಾನುವಾರ ದೇವಾಲಯದ ಬಾಗಿಲಲ್ಲಿ “ಹೇಗಿದ್ದೀರಿ?” ಎಂದು ಕೇಳಿ, ಉತ್ತರಕ್ಕೆ ನಿಲ್ಲದೆ ಮುಂದೆ ಹೋಗುತ್ತಾರೆ. ಈಚೆಗೆ ಬೇರೆ ಊರಿಂದ ಬಂದಿದ್ದ ಬೋಧಕರೊಬ್ಬರು, ವಿಶ್ವಾಸ ಗಟ್ಟಿಯಿದ್ದರೆ ಯಂತ್ರದ ಹಂಗೇಕೆ, ಒಂದು ವಾರ ಉಪವಾಸ ಪ್ರಾರ್ಥನೆಗೆ ಕುಳಿತುಕೊಳ್ಳಿ ಎಂದರು. ಮನೆಯಲ್ಲಿ ಅತ್ತೆಯವರು ನನಗೊಂದು, ಉಳಿದವರಿಗೊಂದು ಎಂದು ಎರಡು ಅಡುಗೆ ಮಾಡಿ ಸೋತಿದ್ದಾರೆ. ಯಜಮಾನರಿಗೆ ಮಾತೇ ಕಡಿಮೆಯಾಗಿದೆ. ಪಿಯುಸಿ ಓದುವ ಮಗ ಕೋಣೆಯಿಂದ ಹೊರಗೆ ಬರುವುದಿಲ್ಲ. ಎಲ್ಲರಿಗೂ ಭಾರವಾಗಿದ್ದೇನೆ ಎನಿಸುತ್ತದೆ. ಸಹಾಯ ಕೇಳುವುದಾದರೂ ಹೇಗೆ?
— ಒಬ್ಬ ಸಹೋದರಿ, ಹುಬ್ಬಳ್ಳಿ

ಉತ್ತರ: ಪ್ರಿಯ ಸಹೋದರಿ, ಮೊದಲು ಆ ಬೋಧಕರ ಮಾತನ್ನು ತೀರಿಸಿಬಿಡೋಣ, ಏಕೆಂದರೆ ಉಳಿದದ್ದಕ್ಕೆಲ್ಲ ನೀವು ಬದುಕಿರಬೇಕು. ಡಯಾಲಿಸಿಸ್ ವಿಭಾಗದಲ್ಲಿ ಶುಶ್ರೂಷಕಿಯಾಗಿ ಬಹಳ ವರ್ಷ ದುಡಿದವಳಾಗಿ ಹೇಳುತ್ತೇನೆ: ಒಂದು ಸರದಿಯನ್ನೂ ತಪ್ಪಿಸಬೇಡಿ. ಹೊರಗೆ ಹೋಗದ ನೀರು ಶ್ವಾಸಕೋಶದಲ್ಲಿ ತುಂಬಿಕೊಳ್ಳುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಯಾವ ಮುನ್ಸೂಚನೆಯೂ ಇಲ್ಲದೆ ಹೃದಯ ನಿಂತುಹೋಗಬಹುದು. ಶುಕ್ರವಾರದಿಂದ ಸೋಮವಾರದವರೆಗಿನ ಅಂತರವೇ ನಿಮ್ಮ ವಾರದಲ್ಲಿ ಅತ್ಯಂತ ಉದ್ದದ್ದು, ಹಾಗಾಗಿ ಅತ್ಯಂತ ಅಪಾಯದ್ದೂ ಹೌದು. ಅಂಥದ್ದರಲ್ಲಿ ಒಂದು ವಾರದ ಮಾತೆಂದರೆ ಅದು ಸಾವಿನ ಸಲಹೆ. ಅರಸನಾದ ಹಿಜ್ಕೀಯನು ಕಾಯಿಲೆ ಬಿದ್ದು ಅತ್ತು ಪ್ರಾರ್ಥಿಸಿದಾಗ ದೇವರು ಕೇಳಿದನು ಎನ್ನುವ ಅದೇ ಅಧ್ಯಾಯದಲ್ಲಿ, ಪ್ರವಾದಿಯಾದ ಯೆಶಾಯನು ಹುಣ್ಣಿಗೆ ಅಂಜೂರದ ಉಂಡೆ ಕಟ್ಟಲು ಹೇಳಿದ್ದೂ ಇದೆ. ಪ್ರಾರ್ಥನೆಯ ಜೊತೆಗೇ ಔಷಧ. (ಒಣ ಅಂಜೂರ ನಿಮಗೆ ವರ್ಜ್ಯ ಎನ್ನುವುದು ಬೇರೆ ಮಾತು.) 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ನಿಮ್ಮ ಪಕ್ಕದ ಗದಗ-ಬೆಟಗೇರಿಯಲ್ಲಿ ಕಟ್ಟಿದ ಆಸ್ಪತ್ರೆಯನ್ನು ಜನರು ಜರ್ಮನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಸುವಾರ್ತೆ ಸಾರುತ್ತಲೇ ಆಸ್ಪತ್ರೆಯನ್ನೂ ಕಟ್ಟಿದವರ ಸಂತತಿಗೆ, ಚಿಕಿತ್ಸೆಯೇ ಅವಿಶ್ವಾಸ ಎಂದು ಬೋಧಿಸಲು ಬರುವವರ ಮುಂದೆ ತಲೆ ತಗ್ಗಿಸುವ ಕಾರಣವಿಲ್ಲ.

ಇನ್ನು ಬರುವುದನ್ನು ನಿಲ್ಲಿಸಿದವರ ವಿಚಾರ. ಅವರಲ್ಲಿ ಪ್ರೀತಿ ಬತ್ತಿದೆ ಎಂದು ನನಗನಿಸುವುದಿಲ್ಲ. ನಮ್ಮ ಸಭೆಗಳಿಗೆ ಎರಡು ಬಗೆಯ ಕಾಯಿಲೆ ಚೆನ್ನಾಗಿ ಗೊತ್ತು: ಗುಣವಾಗಿ ಕೃತಜ್ಞತಾ ಕಾಣಿಕೆಯಲ್ಲಿ ಮುಗಿಯುವುದು ಒಂದು, ಸಮಾಧಿ ಆರಾಧನೆಯಲ್ಲಿ ಮುಗಿಯುವುದು ಇನ್ನೊಂದು. ನಿಮ್ಮದು ಎರಡೂ ಅಲ್ಲ. ಅದು ಗುಣವೂ ಆಗದೆ, ಮುಗಿಯಲೂ ಮುಗಿಯದೆ, ಸೋಮವಾರದ ನಂತರ ಬುಧವಾರ ಎಂದು ನಡೆಯುತ್ತಲೇ ಇರುತ್ತದೆ. ಮೂರು ತಿಂಗಳು ಸ್ವಸ್ಥತೆಗಾಗಿ ಪ್ರಾರ್ಥಿಸಿದವರು ನಾಲ್ಕನೆಯ ತಿಂಗಳು ನಿಮ್ಮ ಮುಖ ನೋಡಿ ಏನು ಹೇಳಬೇಕೆಂದು ತಿಳಿಯದೆ ಸರಿದುಹೋಗಿದ್ದಾರೆ. ಯೋಬನ ಮೂವರು ಸ್ನೇಹಿತರು ಏಳು ದಿನ ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಅವನ ಪಕ್ಕ ಕುಳಿತಿದ್ದರಲ್ಲ, ಅಲ್ಲಿಯವರೆಗೆ ಅವರು ಒಳ್ಳೆಯ ಸ್ನೇಹಿತರೇ ಆಗಿದ್ದರು. ಬಾಯಿ ತೆರೆದ ಮೇಲೆ ಕೆಟ್ಟಿತು.

ಆದ್ದರಿಂದ ಅವರಿಗೆ ಮಾತಿನ ಬದಲು ಕೆಲಸ ಕೊಡಿ. “ನಮಗಾಗಿ ಪ್ರಾರ್ಥಿಸಿ” ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ, “ಬುಧವಾರ ಒಂದು ಗಂಟೆಗೆ ನನ್ನನ್ನು ಆಸ್ಪತ್ರೆಯಿಂದ ಮನೆಗೆ ಕರೆತರುವಿರಾ?” ಎಂದರೆ ಒಬ್ಬರು ಒಪ್ಪುತ್ತಾರೆ, ಮತ್ತು ಆ ಒಬ್ಬರು ತಪ್ಪದೆ ಬರುತ್ತಾರೆ. ನಮ್ಮ ವಾರ್ಡಿನಲ್ಲಿ ಕಿಟಕಿಯ ಪಕ್ಕದ ಹಾಸಿಗೆಗೆ ಬರುತ್ತಿದ್ದ ಒಬ್ಬ ತಾಯಿಯನ್ನು ನಾನು ಮರೆತಿಲ್ಲ. ಸೂಜಿ ಚುಚ್ಚಿದ ಕೈಯನ್ನು ನಾಲ್ಕು ಗಂಟೆ ಮಡಚುವಂತಿಲ್ಲ. ಮೂಗು ತುರಿಸಿದರೂ ಇನ್ನೊಂದೇ ಕೈ, ಒಂದೇ ಕೈಯಲ್ಲಿ ಜಡೆ ಹೆಣೆಯಲಾಗದು. ಅವರ ಸಭೆಯ ಹೆಂಗಸೊಬ್ಬರು ವಾರಕ್ಕೊಮ್ಮೆ ಬಂದು, ಚೀಲದಿಂದ ಬಾಚಣಿಗೆ ತೆಗೆದು, ತಲೆ ಬಾಚಿ ಜಡೆ ಹಾಕಿ, ಚೀಟಿ ಫಂಡು, ಮಗಳ ಮದುವೆ, ಬೆಂಡೆಕಾಯಿಯ ಬೆಲೆ ಎಂದು ಊರ ಸುದ್ದಿ ಹೇಳಿ ಹೋಗುತ್ತಿದ್ದರು. ಪ್ರಾರ್ಥನೆ ಮಾಡಿದ್ದನ್ನು ನಾನು ಕೇಳಿದ್ದು ಒಂದೆರಡು ಬಾರಿ ಮಾತ್ರ. ಆ ದಿನ ಆ ತಾಯಿಯ ರಕ್ತದೊತ್ತಡ ಇಳಿದರೂ ಅವರು ಹೆದರುತ್ತಿರಲಿಲ್ಲ.

ಸ್ತ್ರೀಯರ ಕೂಟದ ಮುಖ್ಯಸ್ಥರನ್ನು ಮನೆಗೆ ಕರೆದು, ಒಂದು ಹಾಳೆಯಲ್ಲಿ ಬರೆದುಕೊಡಿ: ಯಾವ ದಿನ ಯಾವ ಹೊತ್ತಿಗೆ ಕರೆದೊಯ್ಯಬೇಕು, ಯಾರು ಕರೆತರಬೇಕು, ಯಾವ ಸಂಜೆ ಮಗನಿಗೆ ಊಟ ಬೇಕು. ಹೀಗೆ ಬರೆದುಕೊಡುವುದು ಭಿಕ್ಷೆ ಬೇಡಿದಂತಲ್ಲ. ಪಾರ್ಶ್ವವಾಯು ರೋಗಿಯನ್ನು ಯೇಸುವಿನ ಬಳಿಗೆ ನಾಲ್ಕು ಜನ ಹೊತ್ತು ತಂದರು. ಚಾಪೆಗೆ ನಾಲ್ಕು ಮೂಲೆ ಇದ್ದುದರಿಂದಲೇ ನಾಲ್ಕು ಜನರಿಗೆ ಹಿಡಿಯಲು ಜಾಗವಿತ್ತು. ಸಭಾಪಾಲಕರನ್ನೂ ಕೇಳಿಕೊಳ್ಳಿ: ಆರಾಧನೆಗೆ ಬರಲಾಗದ ಭಾನುವಾರದ ನಂತರ, ಮಂಗಳವಾರವೋ ಗುರುವಾರವೋ ಮನೆಗೆ ಬಂದು ಕರ್ತನ ಭೋಜನ ಕೊಡಲಿ. ಹಣದ ವಿಷಯಕ್ಕೆ ಸಂಕೋಚ ಬೇಡ, ಆದರೆ ಸಭೆಯ ಮುಂದೆ ಹೋಗುವ ಮೊದಲು ಸರ್ಕಾರದ ದಾರಿ ನೋಡಿ. ಬಿಪಿಎಲ್ ಕಾರ್ಡ್ ಇದ್ದರೆ, 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತ. ಆಗ ಸಭೆಯ ಹಣ ಆಟೋ ಬಾಡಿಗೆಗೂ ಇಂಜೆಕ್ಷನ್‌ಗೂ ಒದಗುತ್ತದೆ.

ಮನೆಯಲ್ಲಿ ಎರಡು ಒಲೆ ಹೂಡುವುದು ಬೇಡ. ಪಲ್ಯವನ್ನೂ ಸಾರನ್ನೂ ಎಲ್ಲರಿಗೂ ಉಪ್ಪಿಲ್ಲದೆ ಒಂದೇ ಪಾತ್ರೆಯಲ್ಲಿ ಮಾಡಿ, ನಿಮ್ಮ ಪಾಲನ್ನು ಮೊದಲು ತೆಗೆದಿಟ್ಟು, ಉಳಿದದ್ದಕ್ಕೆ ಉಪ್ಪು ಹಾಕಿ ಒಗ್ಗರಣೆ ಕೊಡಲಿ. ಆಲೂಗಡ್ಡೆ, ಸೊಪ್ಪುಗಳನ್ನು ಹೆಚ್ಚಿ ಹೆಚ್ಚು ನೀರಿನಲ್ಲಿ ಕುದಿಸಿ ಆ ನೀರನ್ನು ಬಸಿದು ಚೆಲ್ಲಬೇಕು, ಸಾರಿಗೆ ಬಳಸಬಾರದು. ಅಂಗಡಿಯವರು ಕೊಡುವ “ಲೋ ಸೋಡಿಯಂ” ಉಪ್ಪನ್ನು ಮಾತ್ರ ತರಬೇಡಿ, ಅದರಲ್ಲಿ ಸೋಡಿಯಂ ಜಾಗಕ್ಕೆ ಪೊಟ್ಯಾಸಿಯಂ ಸೇರಿಸಿರುತ್ತಾರೆ. ಅತ್ತೆಯವರನ್ನು ಒಮ್ಮೆ ಆಸ್ಪತ್ರೆಯ ಆಹಾರ ತಜ್ಞರ ಬಳಿಗೆ ಕರೆದೊಯ್ಯಿರಿ. ಸೊಸೆಯ ಬಾಯಿಂದ ಬಂದರೆ ದೂರಿನಂತೆ ಕೇಳಿಸುವ ಮಾತು ಅಲ್ಲಿ ವೈದ್ಯದ ಮಾತಾಗುತ್ತದೆ.

ಯಜಮಾನರ ಮೌನಕ್ಕೆ ನಾನು ಕಂಡ ಮಟ್ಟಿಗೆ ಹೆಚ್ಚಿನ ಕಾರಣ ಆಯಾಸ ಮತ್ತು ಸಾಲದ ಲೆಕ್ಕ. ವಾರಕ್ಕೆ ಒಂದು ಸರದಿಯಿಂದಾದರೂ ಅವರಿಗೆ ಬಿಡುವು ಕೊಡಿ, ಆ ದಿನ ಸಭೆಯವರೊಬ್ಬರು ಬರಲಿ. ಮಗನಿಗೆ ಕಾಯಿಲೆಯ ನಿಜ ಸ್ಥಿತಿಯನ್ನು ನೀವಿಬ್ಬರೂ ಕುಳಿತು ಹೇಳಿ; ಬಾಗಿಲ ಆಚೆ ಅವನು ಊಹಿಸಿಕೊಳ್ಳುತ್ತಿರುವುದು ಬಹುಶಃ ಅದಕ್ಕಿಂತ ಕೆಟ್ಟದ್ದು. “ಭಾರವಾಗಿದ್ದೇನೆ” ಎಂದು ಬರೆದಿದ್ದೀರಿ. ಆ ಯೋಚನೆ ಇಷ್ಟಕ್ಕೆ ನಿಲ್ಲದೆ ಚಿಕಿತ್ಸೆಯೇ ಸಾಕು ಎನ್ನುವವರೆಗೆ ಹೋದರೆ, ಅದೇ ದಿನ ವೈದ್ಯರಿಗೆ ಹೇಳಿ, ಇಲ್ಲವೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು. ಪೌಲನು ತನ್ನ ಶರೀರದಲ್ಲಿ ನಾಟಿದ ಶೂಲಕ್ಕಾಗಿ ಮೂರು ಸಲ ಬೇಡಿಕೊಂಡನು, ಅದು ಹೋಗಲಿಲ್ಲ. ಅವನ ವಿಶ್ವಾಸ ಕಡಿಮೆಯಾಗಿತ್ತೆಂದು ಯಾವ ಬೋಧಕರೂ ಹೇಳಿದ್ದನ್ನು ನಾನು ಕೇಳಿಲ್ಲ.

ಪ್ರಶ್ನೆ: ನಮ್ಮ ಸಭೆಯಲ್ಲಿಯೂ ಡಯಾಲಿಸಿಸ್ ಮಾಡಿಸಿಕೊಳ್ಳುವ ಹಿರಿಯರೊಬ್ಬರಿದ್ದಾರೆ. ನೋಡಲು ಹೋಗುವಾಗ ಏನು ತೆಗೆದುಕೊಂಡು ಹೋಗಬೇಕು?
— ಒಬ್ಬ ಓದುಗರು, ಉಡುಪಿ

ಉತ್ತರ: ಎಳನೀರು, ಬಾಳೆಹಣ್ಣು, ಕಿತ್ತಳೆ, ಒಣದ್ರಾಕ್ಷಿ ಬೇಡ; ಇವೆಲ್ಲ ಪೊಟ್ಯಾಸಿಯಂ ತುಂಬಿದವು. ನಿಮ್ಮ ಕಡೆ ಹಿತ್ತಿಲಲ್ಲಿ ಬೆಳೆಯುವ ಧಾರೆಹುಳಿಯನ್ನಂತೂ (ಸ್ಟಾರ್ ಫ್ರೂಟ್), ಹಣ್ಣಾಗಲಿ ಉಪ್ಪಿನಕಾಯಿಯಾಗಲಿ, ಒಯ್ಯಲೇಬೇಡಿ. ಮೂತ್ರಪಿಂಡದ ರೋಗಿಗಳಲ್ಲಿ ಅದು ನೇರವಾಗಿ ಮೆದುಳಿಗೆ ವಿಷವಾಗುತ್ತದೆ. ಒಂದೆರಡು ಸೇಬು ಸಾಕು, ಅದೂ ಮನೆಯವರನ್ನು ಕೇಳಿ. ಡಯಾಲಿಸಿಸ್ ಆದ ದಿನದ ಸಂಜೆ ಅವರು ಬಟ್ಟೆ ಹಿಂಡಿದಂತೆ ಆಗಿರುತ್ತಾರೆ, ಮರುದಿನ ಹೋಗಿ. ಚಹಾ ಕೊಟ್ಟರೆ ಅವರ ಮುಂದೆ ಕುಡಿಯದೆ ಅಡುಗೆಮನೆಯಲ್ಲಿ ಕುಡಿದು ಬನ್ನಿ, ಏಕೆಂದರೆ ಅವರಿಗೆ ದಿನಕ್ಕೆ ಸಿಗುವ ನೀರು ಅಳತೆಯದು. ಪ್ರಾರ್ಥಿಸುವಾಗ ಕೈ ಹಿಡಿಯುವ ಅಭ್ಯಾಸವಿದ್ದರೆ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಶಸ್ತ್ರಚಿಕಿತ್ಸೆಯಿಂದ ಜೋಡಿಸಿದ ರಕ್ತನಾಳ) ಇಲ್ಲದ ಕೈಯನ್ನು ಹಿಡಿಯಿರಿ. ಯಾವುದೆಂದು ತಿಳಿಯದಿದ್ದರೆ ಅವರನ್ನೇ ಕೇಳಿ, ತೋರಿಸುತ್ತಾರೆ.