1985ರ ಕೊಳ್ಳೇಗಾಲದ ಹುಡುಗನಿಗೆ ‘ಆರವ್’ ಹೆಸರು ಹೊಂದುತ್ತಾ?

ನಿಮ್ಮ ಕಥೆ ನಡೆಯುವುದು 1985ರಲ್ಲಿ, ಕೊಳ್ಳೇಗಾಲದ ಹತ್ತಿರದ ಹಳ್ಳಿಯಲ್ಲಿ. ಹುಡುಗನಿಗೆ 10 ವರ್ಷ. ‘ಆರವ್’ ಅಂತ ಇಡಲಾ ಎಂದು ಕೇಳಿದ್ದೀರಿ. ಬೇಡ. ಹೆಸರು ಚೆನ್ನಾಗಿಲ್ಲ ಅಂತಲ್ಲ, ಆಗ ಆ ಕಡೆ ಹೆಸರು ಇಡುತ್ತಿದ್ದವರು ಅಜ್ಜ, ಅಜ್ಜಿ ಮತ್ತು ದೇವರು.

ನಾನೂ ಆ ಕಡೆಯವನೇ. ನಾನಾಗಿದ್ದರೆ ಮಾದೇಶ ಅಂತ ಇಡುತ್ತಿದ್ದೆ. ಮಲೆ ಮಹದೇಶ್ವರ ಬೆಟ್ಟದ ಮಾದಪ್ಪನ ಹೆಸರು ನಮ್ಮಲ್ಲಿ ಹೆಚ್ಚುಕಡಿಮೆ ಮನೆಗೊಂದು. ದೇವರು ಒಬ್ಬನೇ, ಆದರೆ ಮಹದೇವಸ್ವಾಮಿ, ಮಾದಯ್ಯ, ಮಾದಪ್ಪ, ಮಾದೇಶ ಅಂತ ಹೆಸರು ಹಲವು. ಅದರ ಬಾಲ ನೋಡಿಯೇ ಇವನು ಯಾವ ಬೀದಿಯವನು ಅಂತ ಊರವರು ಲೆಕ್ಕ ಹಾಕುತ್ತಾರೆ. ಹಾಗಾಗಿ ಹುಡುಗನ ಮನೆ ಯಾವ ಬೀದಿಯಲ್ಲಿದೆ ಅಂತ ಮೊದಲು ನೀವೇ ತೀರ್ಮಾನ ಮಾಡಿಕೊಳ್ಳಿ.

ಇನ್ನೊಂದು ವಿಷಯ. ಹಾಜರಿ ಪುಸ್ತಕದಲ್ಲಿ ಮಾದೇಶ ಇದ್ದರೂ ಅಜ್ಜಿಯ ಬಾಯಲ್ಲಿ ಅವನು ಮಾದೇಸನೇ. ಗೆಳೆಯರಿಗೆ ‘ಲೇ ಮಾದ’. ನನ್ನ ತರಗತಿಯಲ್ಲಿ ಮೂವರು ಮಾದೇಶರಿದ್ದರು. ಮೇಷ್ಟ್ರು ಕರೆದರೆ ಮೂವರೂ ಎದ್ದು ನಿಲ್ಲುತ್ತಿದ್ದರು, ಏಟು ಮಾತ್ರ ಯಾವಾಗಲೂ ಒಬ್ಬನಿಗೇ ಬೀಳುತ್ತಿತ್ತು! ದೊಡ್ಡಮಾದಯ್ಯ, ಚಿಕ್ಕಮಾದು, ಪುಟ್ಟಮಾದಯ್ಯ ಅಂತ ಹೆಸರುಗಳೇ ಇವೆ ನೋಡಿ. ಹೀಗೆ ಒಬ್ಬರಿಂದ ಒಬ್ಬರನ್ನು ಬೇರೆ ಮಾಡೋಕೆ ಇವು ಬಲು ಅನುಕೂಲ.

ಮಾದೇಶ ಜಾಸ್ತಿ ಆಯ್ತು ಅನಿಸಿದರೆ ಬಿಳಿಗಿರಿರಂಗನ ಬೆಟ್ಟದ ಒಕ್ಕಲಿನ ಮನೆ ಮಾಡಿ, ರಂಗಸ್ವಾಮಿ ಅಂತ ಇಡಿ. ಮುತ್ತುರಾಜ ಕೂಡ ಆಗುತ್ತದೆ. ಡಾ. ರಾಜ್‌ಕುಮಾರ್ ಅವರಿಗೆ ಹೆತ್ತವರು ಇಟ್ಟದ್ದು ಅದೇ ಹೆಸರು, ಮುತ್ತತ್ತಿಯ ಆಂಜನೇಯ ಮುತ್ತತ್ತಿರಾಯನದು. (ಅಂದಹಾಗೆ, ಕಥೆಯಲ್ಲಿ ‘ಚಾಮರಾಜನಗರ ಜಿಲ್ಲೆ’ ಅಂತ ಬರೆಯಬೇಡಿ. ಅದು ಆಗಿದ್ದು 1997ರಲ್ಲಿ. ಆಗ ಕೊಳ್ಳೇಗಾಲ ಮೈಸೂರು ಜಿಲ್ಲೆಗೆ ಸೇರಿತ್ತು.)

ಹುಡುಗನಿಗೆ ಮೂವರು ಅಕ್ಕಂದಿರು ಅಂತಲೂ ಬರೆದಿದ್ದೀರಿ. ಮೂರನೆಯವಳ ಹೆಸರು ಸಾಕಮ್ಮ ಇರಲಿ. ಹೆಣ್ಣು ಸಾಕಪ್ಪ ದೇವರೇ ಅಂತ ಇಡುತ್ತಿದ್ದ ಹೆಸರು ಅದು, ಕೇಳೋಕೆ ಕಷ್ಟ, ಆದರೆ ಇತ್ತು. ಆಮೇಲೆ ಅಮ್ಮ ಮಾದಪ್ಪನಿಗೆ ಹರಕೆ ಹೊತ್ತಳು, ಗಂಡಾಯಿತು, ಬೆಟ್ಟದಲ್ಲಿ ಮುಡಿ ಕೊಟ್ಟು ಬಂದರು. ಆ ಮಗುವಿಗೆ ಬೇರೆ ಹೆಸರು ಇಡೋಕೆ ಅಜ್ಜಿ ಬಿಡುತ್ತಿದ್ದಳಾ? ಅದಕ್ಕಿಂತ, ಸಾಕಮ್ಮ ತನ್ನ ತಮ್ಮನನ್ನು ಏನಂತ ಕರೆಯುತ್ತಾಳೆ ಅಂತ ಯೋಚಿಸಿದ್ದೀರಾ?